ನರ್ಸಮ್ಮನ ಕರೆಂಟು ಗರಗಸ

ನರ್ಸಮ್ಮನ ಹನ್ನೊಂದನೇ ದಿನದ ತಿಥಿಗೆ ಹೋದಾಗ ಸಿಂಧಘಟ್ಟದ ಅವರ ತಮ್ಮನ ಮನೆ ಮುಂದೆ ದೊಡ್ಡದೊಂದು ಫ್ಲೆಕ್ಸ್ ಕಟ್ಟಿದ್ದರು. ಫೋಟೋ ಚೆನ್ನಾಗಿತ್ತು. ಕೆಳಗೆ ಹೆಸರು, ಅದರ ಕೆಳಗೆ 'ನಿವೃತ್ತ ದಾದಿ' ಎಂದು ಬರೆಸಿದ್ದರು. ಊಟಕ್ಕೆ ಮೊದಲು ಮೂರ್ನಾಲ್ಕು ಜನ ಎದ್ದು ನಿಂತು ಮಾತಾಡಿದರು. ಎಷ್ಟು ಹೆರಿಗೆ ಮಾಡಿಸಿದರು, ಎಂಥ ಮಳೆಯಲ್ಲಿ ಎಲ್ಲೆಲ್ಲಿಗೆ ನಡೆದುಹೋಗಿ ಮಕ್ಕಳಿಗೆ ಸೂಜಿ ಹಾಕಿದರು, ಎಲ್ಲ ಹೇಳಿದರು. ಅದರಲ್ಲಿ ಸುಳ್ಳು ಒಂದೂ ಇಲ್ಲ. ಆದರೆ ಒಬ್ಬರ ಬಾಯಲ್ಲೂ ಗರಗಸ ಅನ್ನುವ ಮಾತು ಬರಲಿಲ್ಲ. ನನಗೆ ಮೈ ಉರಿದುಹೋಯಿತು. ಬಡಗಿಯ ತಿಥಿಗೆ ಬಂದು ಬಡಗಿ ಕೆಲಸದ ಸುದ್ದಿಯನ್ನೇ ಎತ್ತದೆ ಪಾಯಸ ಕುಡಿದು ಹೋಗುತ್ತಾರೆಂದರೆ ಏನು ಹೇಳೋಣ.

ಅದಕ್ಕೇ ನಾನು ಬರೆಯಲು ಕೂತಿದ್ದೇನೆ. ಅವರ ಹೆಸರು ಬರೆಯುವುದಿಲ್ಲ. ಬದುಕಿದ್ದಾಗಲೂ ಅವರನ್ನು ಹೆಸರು ಹಿಡಿದು ಕರೆದವರು ಕಡಿಮೆ. ಸುತ್ತಲ ಹಳ್ಳಿಗಳಿಗೆಲ್ಲ ಅವರು ನರ್ಸಮ್ಮ, ನನಗೂ ನರ್ಸಮ್ಮ. ನನ್ನದು ಕೆ.ಆರ್. ಪೇಟೆ ಬಸ್ ಸ್ಟ್ಯಾಂಡಿನಿಂದ ಕೂಗಳತೆಯಲ್ಲಿರುವ ಹಾರ್ಡ್‌ವೇರ್ ಅಂಗಡಿ. ಅಪ್ಪನ ಕಾಲಕ್ಕೆ ಮೊಳೆ, ಚಿಲಕ, ಹಗ್ಗ, ಸುಣ್ಣ. ನನ್ನ ಕಾಲಕ್ಕೆ ಪೇಂಟು, ಪೈಪು, ಕರೆಂಟು ಮಿಷನ್ನುಗಳು. ಜನ ನನ್ನನ್ನು ಸಾಬ್ರು ಎನ್ನುತ್ತಾರೆ, ಬಾಯಿ ಜಾಸ್ತಿ ಎನ್ನುತ್ತಾರೆ. ಎರಡೂ ನಿಜ.

ನರ್ಸಮ್ಮ ಮೊದಲ ಸಲ ನನ್ನ ಅಂಗಡಿ ಮೆಟ್ಟಿಲು ಹತ್ತಿದ್ದು ನಿವೃತ್ತಿಯಾದ ಮೂರನೇ ವಾರ. ಸಂತೆಬಾಚಹಳ್ಳಿ ಸುತ್ತಮುತ್ತಲೇ ಸರ್ವೀಸು ಮುಗಿಸಿ, ಅಲ್ಲೇ ಒಂದು ಪುಟ್ಟ ಮನೆಯಲ್ಲಿ ಒಬ್ಬರೇ ಇದ್ದರು. ಕುಳ್ಳಗಿನ ಮನುಷ್ಯೆ, ಮೂಗಿನ ತುದಿಗೆ ಜಾರಿದ ಕನ್ನಡಕ, ಎಡಗೈಯಲ್ಲಿ ಗಂಡಸರ ವಾಚು. ಬಂದವರೇ "ಡ್ರಿಲ್ ಮಿಷನ್ ತೋರ್ಸಿ" ಎಂದರು.

"ಮನೇಲಿ ಗಂಡಸ್ರು ಯಾರಾದ್ರೂ ಇದ್ರೆ ಕಳ್ಸಿ ನರ್ಸಮ್ಮ, ಅವರಿಗೆ ತೋರಿಸ್ಕೊಡ್ತೀನಿ" ಎಂದೆ.

"ಯಾಕೆ ಸಾಬ್ರೆ, ಎಂಗಸ್ರು ಕೈಗೆ ಕೊಟ್ರೆ ತೂತು ಬೀಳಕಿಲ್ವಾ?"

"ಅಂಗಲ್ಲ ನರ್ಸಮ್ಮ, ಇದು ವಸಿ ಡೇಂಜರ್ರು."

"ಅತ್ತೆ, ಮೂರ್ ಜನ ನಾದಿನೀರು ಸುತ್ತ ಕೂತಿರೋ ಕಡೆ ಎರಿಗೆ ಮಾಡ್ಸಿವ್ನಿ. ಅದಕ್ಕಿಂತ ಡೇಂಜರ್ರಾ ಇದು?"

ಅಂಗಡಿಯಲ್ಲಿದ್ದ ಗಿರಾಕಿಗಳು ನಕ್ಕರು. ಮಾನ ಉಳಿಸಿಕೊಳ್ಳಬೇಕಲ್ಲ, ಡ್ರಿಲ್ಲನ್ನು ಪೆಟ್ಟಿಗೆಯಿಂದ ತೆಗೆದು ಬಿಟ್ ಕೂರಿಸಿ, ಕೀಲಿ ಹಾಕಿ ಬಿಗಿದು, ಠೀವಿಯಿಂದ ಗುಂಡಿ ಒತ್ತಿದೆ. ಕೀಲಿಯನ್ನು ಅಲ್ಲಿಂದ ತೆಗೆಯಬೇಕೆಂಬುದು ನನಗೆ ಗೊತ್ತಿರಲಿಲ್ಲ. ಅದು ರೊಂಯ್ಯನೆ ಹಾರಿ ಬಚ್ಚಲುಮನೆ ಕನ್ನಡಿಗಳ ಸಾಲಿಗೆ ಬಡಿದು ಎರಡು ಕನ್ನಡಿ ಪುಡಿಯಾಯಿತು. ಹನ್ನೊಂದು ವರ್ಷದಿಂದ ಆ ಮಿಷನ್ನುಗಳನ್ನು ಮಾರುತ್ತಿದ್ದೆ. ಒಂದು ದಿನವೂ ಓಡಿಸಿದವನಲ್ಲ.

ನರ್ಸಮ್ಮ ಗಾಜಿನ ಚೂರುಗಳನ್ನೂ ನನ್ನ ಮುಖವನ್ನೂ ನೋಡಿದರು. "ನಿಮಗೂ ಇದು ಚೊಚ್ಚಲೇ ಅನ್ನಿ" ಎಂದರು. ಆಮೇಲೆ ಬೈಯುವ ಬದಲು ಒಂದು ಕರಾರು ಹಾಕಿದರು. ಅವರು ಪ್ರತಿ ಭಾನುವಾರ ಬಸ್ಸಿನಲ್ಲಿ ಬರುವುದು, ನಾನು ಅಂಗಡಿ ಹಿಂದಿನ ಗೋಡೌನು ತೆಗೆದುಕೊಡುವುದು, ಇಬ್ಬರೂ ಕಲಿಯುವುದು. "ಗೊತ್ತಿಲ್ದೋರು ಇಬ್ರು ಸೇರ್ಕಂಡ್ರೆ ಒಬ್ರ ತಪ್ಪು ಇನ್ನೊಬ್ರಿಗೆ ಕಾಣ್ತದೆ" ಎಂದರು. ಮರಗೆಲಸದ ಹುಚ್ಚು ಅವರಿಗೆ ಮೊದಲಿಂದಲೂ ಇತ್ತಂತೆ. ಹೆರಿಗೆಗೆಂದು ಹೋಗಿ ನೋವು ಬರುವವರೆಗೆ ಗಂಟೆಗಟ್ಟಲೆ ಕಾಯುವಾಗ ಆ ಮನೆಗಳ ತೊಟ್ಟಿಲು, ಮಂಚ, ಕಂಬಗಳಲ್ಲಿ ಮರಕ್ಕೆ ಮರ ಸೇರುವ ಕಚ್ಚು ಹೇಗೆ ಕೂತಿದೆ ಎಂದು ನೋಡುತ್ತಾ ಇರುತ್ತಿದ್ದರಂತೆ.

ನನ್ನ ಹೆಂಡತಿ ಎರಡು ಭಾನುವಾರ ಸುಮ್ಮನಿದ್ದಳು. ಮೂರನೆಯದಕ್ಕೆ "ಕ್ಯಾ ಜೀ, ದುಕಾನಾ ಇಸ್ಕೂಲಾ?" ಎಂದಳು. ನಾನು ಅಂಗಡಿಯಲ್ಲ, ಇಸ್ಕೂಲೇ ಎಂದೆ. ಆಮೇಲೆ ಇಬ್ಬರಿಗೂ ಚಾ ಕಳಿಸತೊಡಗಿದಳು.

ಕಲಿಯುವುದರಲ್ಲಿ ನರ್ಸಮ್ಮನದೇ ಒಂದು ಕ್ರಮ. ಸೀರೆಯ ಮೇಲೆ ಡ್ಯೂಟಿಯ ಹಳೆಯ ಬಿಳಿ ಕೋಟು ಹಾಕಿ ಗುಂಡಿ ಪೂರ್ತಿ ಹಾಕಿಕೊಳ್ಳುವರು. ಮಿಷನ್ನು ಮುಟ್ಟುವ ಮೊದಲು ಮೊಣಕೈವರೆಗೆ ಸೋಪು ಹಚ್ಚಿ ಕೈ ತೊಳೆಯುವರು. "ಮರಕ್ಕೆ ನಂಜಾಗುತ್ತಾ ನರ್ಸಮ್ಮ?" ಎಂದು ಕೆಣಕಿದರೆ, "ಮರಕ್ಕಲ್ಲ ಸಾಬ್ರೆ, ಕೆಲ್ಸ ಸುರು ಆಯ್ತು ಅಂತ ಕೈಗೆ ಗೊತ್ತಾಗ್ಬೇಕು" ಎನ್ನುವರು. ಪೆಟ್ಟಿಗೆಯೊಳಗಿನ ಪುಸ್ತಕ ಏನೇನೋ ಭಾಷೆಗಳಲ್ಲಿ ಇರುತ್ತಿತ್ತು, ಕನ್ನಡ ಮಾತ್ರ ಇರುತ್ತಿರಲಿಲ್ಲ. ಅವರು ಅದರ ಇಂಗ್ಲಿಷನ್ನು ಔಷಧಿ ಸೀಸೆಯ ಚೀಟಿ ಓದುವ ಹಾಗೆ ಒಂದೊಂದೇ ಪದ ಬಿಡಿಸಿ ಓದಿ, ಕನ್ನಡದಲ್ಲಿ ಬರೆದಿಡುತ್ತಿದ್ದರು. ಒಂದೊಂದು ಮಿಷನ್ನಿಗೂ ಒಂದೊಂದು ರಟ್ಟಿನ ಕಾರ್ಡು. ಬಸುರಿಯರಿಗೆ ಕೊಡುತ್ತಾರಲ್ಲ, ಅದೇ ಥರ 'ತಾಯಿ ಕಾರ್ಡು' ಎಂದು ಮೇಲೆ ಬರೆದಿದ್ದರು. ಯಾವಾಗ ಎಣ್ಣೆ ಕಂಡಿತು, ಯಾವಾಗ ಬಿಸಿಯಾಯಿತು, ಯಾವಾಗ ಬ್ಲೇಡು ಬದಲಾಯಿತು, ಎಲ್ಲ ಅದರಲ್ಲಿ.

ಕೆಲಸ ಮುಗಿದು ಪ್ಲಗ್ ಕಿತ್ತ ಮೇಲೆ ಎರಡೂ ಕೈ ಮುಂದೆ ಚಾಚಿ ಬೆರಳು ಎಣಿಸಿಕೊಳ್ಳುವರು. ನನ್ನವನ್ನೂ ಎಣಿಸುವರು. "ಮಗು ಆಚೆಗೆ ಬಂದ ತಕ್ಷಣ ಮೊದ್ಲು ಬೆರಳು ಎಣಿಸ್ತಿದ್ದೆ. ಗಂಡೋ ಎಣ್ಣೋ ಅನ್ನೋದು ಆಮ್ಯಾಕೆ" ಎಂದಿದ್ದರು.

ಬೆರಳಲ್ಲ, ಕಾಲೇ ಹೋಗುವ ಸಂದರ್ಭ ಒಂದು ಸಲ ಬಂದಿತ್ತು, ಅದು ನನ್ನಿಂದಲೇ. ಗುಂಡು ಬ್ಲೇಡಿನ ಕರೆಂಟು ಗರಗಸದಲ್ಲಿ ಹಲಗೆ ಕುಯ್ಯುತ್ತಿದ್ದೆ. ನಿಧಾನವಾಯಿತೆಂದು ಮೈಯೆಲ್ಲ ಬಲ ಹಾಕಿ ತಳ್ಳಿದೆ. ಬ್ಲೇಡು ಮರದಲ್ಲಿ ಸಿಕ್ಕಿಕೊಂಡು ಮಿಷನ್ನು ಹಿಂದಕ್ಕೆ ಒದೆಯಿತು. ನನ್ನ ಅಂಗಿಯ ತುದಿ ಹರಿದುಕೊಂಡು ಹೋಯಿತು. ಇನ್ನು ಮೂರು ಬೆರಳು ಈಚೆಗೆ ಬಂದಿದ್ದರೆ ತೊಡೆ. ನಾನು ಕೂಗಿಕೊಂಡೆ. ನರ್ಸಮ್ಮ ಕೂಗಲಿಲ್ಲ. ಮೊದಲು ಗೋಡೆಯ ಸ್ವಿಚ್ಚು ಆರಿಸಿದರು, ಆಮೇಲೆ ನನ್ನ ಕಾಲು ನೋಡಿದರು, ಆಮೇಲೆ ಬೈದರು.

"ಮುಕ್ಕ್‌ಬ್ಯಾಡಿ ಸಾಬ್ರೆ!"

ಹೆರಿಗೆ ನೋವಿನಲ್ಲಿ ಉಸಿರು ಬಿಗಿಹಿಡಿದು ಕೆಳಕ್ಕೆ ಬಲ ಹಾಕುವುದಕ್ಕೆ ನಮ್ಮ ಕಡೆ ಮುಕ್ಕುವುದು ಎನ್ನುತ್ತಾರೆ. ಮೂರು ಮಕ್ಕಳ ತಂದೆ ನಾನು. ಆ ಮಾತನ್ನು ಬಾಗಿಲ ಆಚೆ ನಿಂತು ಕೇಳಿದ್ದೆನೇ ಹೊರತು ನನಗೇ ಯಾರಾದರೂ ಹೇಳುತ್ತಾರೆಂದು ಕನಸಲ್ಲೂ ಅಂದುಕೊಂಡಿರಲಿಲ್ಲ.

"ವ್ಯಾಳ್ಯ ಬರಕ್ ಮುಂಚೆ ಮುಕ್ಕುದ್ರೆ ತಾಯಿಗೂ ಏಟು, ಮಗೀಗೂ ಏಟು. ಬ್ಲೇಡು ಎಷ್ಟು ತಿಂತದೋ ಅಷ್ಟು ತಿನ್ಲಿ. ನೀವು ಸುಮ್ಕೆ ಅದರ ಜೊತೇಲಿ ಓಗಿ" ಎಂದರು.

ಹೋದೆ. ಗರಗಸ ತನ್ನಷ್ಟಕ್ಕೆ ತಾನು ಬೆಣ್ಣೆಯಲ್ಲಿ ಹೋದಂತೆ ಹೋಯಿತು. ಎಷ್ಟೋ ದೊಡ್ಡ ದೊಡ್ಡ ಮೇಸ್ತ್ರಿಗಳು ನನ್ನ ಅಂಗಡಿಗೆ ಬರುತ್ತಾರೆ, ಇಷ್ಟು ಚೆನ್ನಾಗಿ ಈ ವಿಷಯ ಹೇಳಿಕೊಟ್ಟವರನ್ನು ನಾನು ಕಂಡಿಲ್ಲ. ಈಗಲೂ ಯಾರಾದರೂ ಆ ಮಿಷನ್ನು ಕೊಂಡರೆ ಪೆಟ್ಟಿಗೆ ಕಟ್ಟಿಕೊಡುತ್ತಾ "ಮುಕ್ಕ್‌ಬ್ಯಾಡ ಕಣಪ್ಪ" ಎನ್ನುತ್ತೇನೆ. ಸಾಬ್ರಿಗೆ ತಲೆ ಕೆಟ್ಟಿದೆ ಎಂಬಂತೆ ನೋಡುತ್ತಾರೆ. ನೋಡಲಿ.

ನರ್ಸಮ್ಮ ದೇವತೆಯೇನಲ್ಲ. ಹಟಮಾರಿ. ತನ್ನ ಪೆನ್ಸಿಲನ್ನು ಇನ್ನೊಬ್ಬರು ಮುಟ್ಟಿದರೆ ಆಗುತ್ತಿರಲಿಲ್ಲ. ತಪ್ಪು ಒಪ್ಪಿಕೊಳ್ಳುವುದಂತೂ ಹುಟ್ಟಿನಿಂದಲೇ ಬಂದಿರಲಿಲ್ಲ. ಮೊದಲು ಮಾಡಿದ ಮಣೆ ಕುಂಟುತ್ತಿತ್ತು. "ಮಣೆ ಸರ್ಯಾಗದೆ, ನಿಮ್ ಗೋಡೌನ್ ನೆಲ ಸೊಟ್ಟ" ಎಂದರು. ಚಾ ಅಂಗಡಿಗೆ ಒಯ್ದು ಇಟ್ಟೆ, ಅಲ್ಲೂ ಕುಂಟಿತು. "ಕೆ.ಆರ್. ಪೇಟೆನೇ ಸೊಟ್ಟ" ಎಂದರು.

ಅವರ ಮೊದಲನೇ ಆಯುಧಪೂಜೆ ನೆನೆಸಿಕೊಂಡರೆ ಇವತ್ತೂ ನಗು ಬರುತ್ತದೆ. ತಮ್ಮ ಮನೆಯ ಹಿತ್ತಲಲ್ಲಿ ಶೀಟು ಹೊದಿಸಿ ಒಂದು ಚಪ್ಪರ ಮಾಡಿಕೊಂಡಿದ್ದರು. ಮಿಷನ್ನುಗಳನ್ನೆಲ್ಲ ಮಣೆಯ ಮೇಲೆ ಸಾಲಾಗಿ ಜೋಡಿಸಿ, ಕುಂಕುಮವಿಟ್ಟು, ಡ್ರಿಲ್ಲಿನ ಮೂತಿಗೆ ಸೇವಂತಿಗೆ ಸರ ಸುತ್ತಿದ್ದರು. ಪ್ರಸಾದ ಕೊಡಲು ನನ್ನನ್ನೂ ಕರೆದಿದ್ದರು. ಪೂಜೆ ಮುಗಿಯಿತು. ಒಂದು ತೂತು ಹಾಕಿ ಶುಭಾರಂಭ ಮಾಡೋಣವೆಂದು ಹಾಗೇ ಗುಂಡಿ ಒತ್ತಿದರು. ಮೊಳದುದ್ದದ ಹೂವಿನ ಸರ ಗಿರಗಿರನೆ ಸುತ್ತಿ ಅವರ ಎರಡೂ ಕೆನ್ನೆಗೆ ಪಟಪಟ ಬಾರಿಸಿತು. ಕನ್ನಡಕ ಹಾರಿಹೋಯಿತು. ಬಾಳೆಹಣ್ಣು ಹಿಡಿದ ನನ್ನ ಮೇಲೆಲ್ಲ ಸೇವಂತಿಗೆ ದಳ. ನರ್ಸಮ್ಮ ನೆಲಕ್ಕೆ ಕೂತು ಕಣ್ಣಲ್ಲಿ ನೀರು ಬರುವವರೆಗೆ ನಕ್ಕರು. ಡ್ರಿಲ್ಲಿನ ಕಾರ್ಡಿನಲ್ಲಿ ಆ ದಿನದ ಎದುರಿಗೆ 'ಹೂ ಮುಡಿಸಬಾರದು' ಎಂದು ಬರೆದರು.

ಅವರು ಹೆದರಿದ್ದು ಒಂದೇ ಒಂದು ಮಿಷನ್ನಿಗೆ. ಮರದ ಅಂಚಿಗೆ ಗೆರೆ ಕೆತ್ತುವ ರೂಟರ್ರು. ಅದರ ಚೀರಾಟ ಕೇಳಿದರೆ ಯಾರಿಗಾದರೂ ಎದೆ ಒಡೆಯುತ್ತದೆ. ಮೂರು ಭಾನುವಾರ ಅದನ್ನು ಮುಂದಿಟ್ಟುಕೊಂಡು ಬರೀ ನೋಡಿದರು. "ಬಿಟ್ಟುಬಿಡಿ ನರ್ಸಮ್ಮ, ಇದಿಲ್ಲದೆಯೂ ಆಗುತ್ತೆ" ಎಂದೆ. ಆಗ ಹೇಳಿದರು, ಟ್ರೈನಿಂಗಿನಲ್ಲಿ ಮೊದಲ ಸೂಜಿ ಚುಚ್ಚಿದ ದಿನ ರೋಗಿಗೆ ಏನೂ ಆಗದೆ ತಾವೇ ತಲೆಸುತ್ತಿ ಬಿದ್ದಿದ್ದರಂತೆ. "ಎದರ್ಕಂಡ್ ಚುಚ್ಚುದ್ರೆ ಸೂಜಿ ಬಾಗ್ತದೆ. ಎದರಿಕೆ ಓಗೋ ಗಂಟ ಕಾಯ್ತೀನಿ, ಬುಡೋದೇನೂ ಇಲ್ಲ" ಎಂದರು. ನಾಲ್ಕನೇ ಭಾನುವಾರ ಕೈ ತೊಳೆದುಕೊಂಡು ಬಂದು, ಸೀದಾ ಆನ್ ಮಾಡಿ, ಒಂದು ಮಾರುದ್ದ ಅಂಚನ್ನು ಒಂದೇ ಉಸಿರಿಗೆ ಕೆತ್ತಿದರು.

ಇಷ್ಟೆಲ್ಲ ಹಟ ಯಾಕೆಂದು ನನಗೆ ತಿಳಿದದ್ದು ತೊಣ್ಣೂರು ಕೆರೆ ಏರಿಯ ಮೇಲೆ.

ಸಿಂಧಘಟ್ಟದಲ್ಲಿ ಅವರ ತಮ್ಮ ಹಳೇ ಮನೆ ಕೆಡವಿ ಹೊಸದು ಕಟ್ಟಲು ಹೊರಟಿದ್ದರು. ಜಾಗಕ್ಕೆ ಅಡ್ಡವಿದ್ದ ಹಲಸಿನ ಮರ ಕಡಿದರು. "ಮರ ನಂಗಿರ್ಲಿ ಕಣ್ಲಾ, ಮುಂಬಾಗ್ಲು ನಾನೇ ಮಾಡ್ಕೊಡ್ತೀನಿ" ಎಂದು ನರ್ಸಮ್ಮ ಹೇಳಿದರು. ಅಕ್ಕ ತಮಾಷೆ ಮಾಡುತ್ತಿದ್ದಾಳೆಂದುಕೊಂಡು ತಮ್ಮ ಹೂಂ ಎಂದರು. ಆವತ್ತು ನಮ್ಮೂರ ಸಾಮಿಲ್ಲು ಕೆಟ್ಟು ನಿಂತಿತ್ತು. ದಿಮ್ಮಿಯನ್ನು ನನ್ನ ಗೂಡ್ಸ್ ಆಟೋಗೆ ಹಾಕಿಕೊಂಡು ಇಬ್ಬರೂ ಪಾಂಡವಪುರದ ಸಾಮಿಲ್ಲಿಗೆ ಹೋದೆವು. ಅಲ್ಲಿಯವನು ಮಾತೆಲ್ಲ ನನ್ನ ಹತ್ತಿರವೇ. "ಸಾಬ್ರೆ ಎಷ್ಟಿಂಚು? ಸಾಬ್ರೆ ಎಂಗೆ ಕುಯ್ಯಾನ?" ನಾನೂ ದೊಡ್ಡ ಮನುಷ್ಯನಂತೆ ಉತ್ತರ ಕೊಡುತ್ತಿದ್ದೆ, ನಾಚಿಕೆಯಾಗಬೇಕು. ನರ್ಸಮ್ಮ ಸ್ವಲ್ಪ ಹೊತ್ತು ಕೇಳಿಸಿಕೊಂಡು, "ಮರ ನಂದು, ಬಾಗ್ಲು ಮಾಡೋಳು ನಾನು. ಕೇಳೋದು ಮಾತ್ರ ಇವ್ರನ್ನಾ?" ಎಂದರು. ದಿಮ್ಮಿಯ ಎರಡೂ ತುದಿಯನ್ನು ಬೆರಳ ಗೆಣ್ಣಿನಿಂದ ತಟ್ಟಿ, ಎದೆ ಪರೀಕ್ಷೆ ಮಾಡುವ ಡಾಕ್ಟರಂತೆ ಕಿವಿಗೊಟ್ಟು, "ಈ ಕಡೆ ಬಿರುಕದೆ, ಆ ಕಡೆಯಿಂದ ಸುರು ಮಾಡು" ಎಂದರು. ಕುಯ್ದಾಗ ಅವರು ಹೇಳಿದ ಜಾಗದಲ್ಲೇ ಬಿರುಕಿತ್ತು. ಆಮೇಲೆ ಅವನು ನನ್ನ ಕಡೆ ತಿರುಗಿಯೂ ನೋಡಲಿಲ್ಲ.

ವಾಪಸು ಬರುವಾಗ ತೊಣ್ಣೂರು ಕೆರೆ ಹತ್ತಿರ ಆಟೋ ನಿಲ್ಲಿಸಿ, ಅವರು ಕಟ್ಟಿಸಿಕೊಂಡು ಬಂದಿದ್ದ ಚಿತ್ರಾನ್ನ ತಿಂದೆವು. ಅಲ್ಲಿ ಕೇಳಿದೆ, ಮಣೆ ಮಾಡಿದಿರಿ, ಬೆಂಚು ಮಾಡಿದಿರಿ, ಈ ವಯಸ್ಸಲ್ಲಿ ಮುಂಬಾಗಿಲಿನ ಭಾರ ಯಾಕೆ ಎಂದು.

"ಇಪ್ಪತ್ಮೂರಕ್ಕೆ ಗಂಡ ತೀರೋದ ಸಾಬ್ರೆ" ಎಂದರು. "ಆಮ್ಯಾಕೆ ಕೆಲ್ಸ ಸಿಕ್ತು. ಎರಿಗೆ ಅಂದ್ರೆ, ಬೇಗ ಬಾರವ್ವ ನರ್ಸಮ್ಮ ಅಂತ ಮುಂಬಾಗ್ಲಲ್ಲಿ ಕೈಹಿಡ್ದು ಕರ್ಕಂಡ್ ಓಗೋರು. ಅದೇ ಮಗೀನ ನಾಮಕರಣದ ದಿನ ಓದ್ರೆ, ಚೆಂದಾಗ್ ಉಂಡ್ಕಂಡ್ ಓಗವ್ವ, ಇತ್ಲು ಬಾಗ್ಲಿಂದ ಬಾ ಅನ್ನೋರು. ಎಲ್ರ ಮನೇಲೂ ಅಂಗೇಯ. ನನ್ ತಮ್ಮನ ಮನೇಲೂವೆ. ನಾನೇ ಮಾಡಿದ್ ಬಾಗ್ಲು ಒಂದಾದ್ರೂ ನಿಂತ್ಕಳ್ಳಿ. ಆಗ್ಲೂ ಇತ್ಲು ಬಾಗ್ಲಿಂದ ಬಾ ಅಂತಾರಾ ನೋಡ್ಮ."

"ಅನ್ನಲ್ಲ ಬುಡಿ" ಎಂದೆ. ಏನೂ ತಿಳಿಯದೆ ಹೇಳಿದ ಮಾತು ಅದು.

ಬಾಗಿಲುವಾಡಕ್ಕೆ, ಎಂದರೆ ಬಾಗಿಲು ಕೂರುವ ಚೌಕಟ್ಟಿಗೆ, ನಾಲ್ಕು ತಿಂಗಳು ಹಿಡಿಯಿತು. ಎರಡು ಕಂಬ, ಮೇಲೊಂದು ತೊಲೆ, ಕೆಳಗೆ ಹೊಸಲು. ನಾಗಮಂಗಲದಿಂದ ಹಿತ್ತಾಳೆಯ ತೂಗುಗುಂಡು ತರಿಸಿಕೊಂಡು, ಕಂಬ ನೆಟ್ಟಗಿದೆಯೇ ಎಂದು ದಿನಕ್ಕೆ ಹತ್ತು ಸಲ ನೋಡುವರು. ಹಲಸಿನ ಹೊಟ್ಟು ಹಳದಿ. ಮಿಷನ್ನು ಓಡಿದಷ್ಟು ಹೊತ್ತೂ ಅದು ಹಾರಿ ಅವರ ಮುಖ, ಕೈ, ಕತ್ತಿಗೆಲ್ಲ ಮೆತ್ತಿಕೊಳ್ಳುತ್ತಿತ್ತು. ಒಂದು ದಿನ ಪಕ್ಕದ ಮನೆಯ ಹೆಂಗಸು ಬೇಲಿಯಾಚೆ ನಿಂತು, "ಏನವ್ವ ಇದು, ಅರಿಸಿನ ಬಳ್ಕಂಡ್ ಕೂತಿದ್ದೀಯ" ಎಂದಳು. ನರ್ಸಮ್ಮ ತಲೆ ಎತ್ತದೆ, "ನಾನ್ ಬಳ್ಕಂಡಿಲ್ಲ ಕಣವ್ವ, ಮರನೇ ಬಳೀತು. ಅದ್ನ ಕೇಳು" ಎಂದರು. ಆ ಹೆಂಗಸು ಒಳಗೆ ಹೋದಳು. ನಾನು ಏನೋ ಹುಡುಕುವವನಂತೆ ಮೊಳೆ ಡಬ್ಬಿಗೆ ಕೈ ಹಾಕಿದೆ.

ಬಾಗಿಲು ಇಡುವ ಶಾಸ್ತ್ರದ ಹಿಂದಿನ ದಿನ ಅವರ ತಮ್ಮ ನನ್ನ ಅಂಗಡಿಗೆ ಬಂದರು. ಡೈರಿಗೆ ಹಾಲು ಹಾಕಿಕೊಂಡು, ಯಾರಿಗೂ ಎದುರು ಮಾತಾಡದೆ ಬದುಕುವ ಒಳ್ಳೆಯ ಮನುಷ್ಯ. ಕೌಂಟರಿನ ಮೇಲೆ ಬೆರಳಲ್ಲಿ ಗೆರೆ ಎಳೆಯುತ್ತಾ ನಿಂತರು.

"ಸಾಬ್ರೆ, ಶಾಸ್ತ್ರುದಲ್ಲಿ ಬಾಗ್ಲು ಮಾಡ್ದೋರಿಗೆ ಪಂಚೆ ಶಲ್ಯ ಕೊಡ್ಬೇಕು. ನಾಳೆ ನೀವ್ ಬಂದು ಇಸ್ಕಂಬುಡಿ."

"ಮಾಡ್ದೋರು ನಿಮ್ಮಕ್ಕ ಅಲ್ವಾ?"

"ದೊಡ್ಡಯ್ಯ ಒಪ್ತಾ ಇಲ್ಲ. ಗಂಡ ಇಲ್ದೋಳು ಮಾಡಿದ್ ಬಾಗ್ಲು ಅಂತ ನೆಂಟ್ರಿಗೆ ಗೊತ್ತಾದ್ರೆ ಸರಿ ಓಗಕಿಲ್ಲ ಅಂತಾವ್ರೆ. ಬಾಗ್ಲು ಇರ್ಲಿ, ಅವಳ ಎಸರು ಬ್ಯಾಡ, ಸಾಬ್ರು ಮಾಡ್ಕೊಟ್ರು ಅನ್ನಿ ಅಂತಾವ್ರೆ." ದೊಡ್ಡಯ್ಯ ಎಂದರೆ ಮನೆತನದ ಹಿರಿಯ, ಅವರ ದೊಡ್ಡಪ್ಪ.

"ಅಕ್ಕ ಏನಂದ್ರು?"

"ಬಾಗ್ಲು ನಿಂತ್ರೆ ಸಾಕು, ಪಂಚೆಯ ಯಾರ್ಗಾರ ಕೊಡ್ರಿ ಅಂದ್ಳು."

ಹೊಸಲಿಗೆ ಸಾಬ ಆಗುತ್ತಾನೆ, ಹೊಟ್ಟೆಬಟ್ಟೆ ಕಟ್ಟಿ ತಮ್ಮನನ್ನು ಓದಿಸಿದ ಸ್ವಂತ ಅಕ್ಕ ಆಗುವುದಿಲ್ಲ. ಇದು ಯಾವ ಶಾಸ್ತ್ರವಪ್ಪ ಎಂದು ಕೇಳಬೇಕೆನಿಸಿತು. ಕೇಳಲಿಲ್ಲ. ಅವರೇ ಒಪ್ಪಿದ ಮೇಲೆ ನಾನು ಯಾರು ಎಂದುಕೊಂಡೆ. ನಿಜ ಹೇಳಬೇಕೆಂದರೆ ಇನ್ನೊಂದೂ ಇತ್ತು. ನಾಲ್ಕು ಜನರ ಎದುರು ಬಡಗಿ ಅನ್ನಿಸಿಕೊಂಡು ಶಲ್ಯ ಹೊದೆಸಿಕೊಳ್ಳುವುದೆಂದರೆ ನನಗೆ ಒಳಗೊಳಗೇ ಖುಷಿಯಾಗಿತ್ತು. ಮಾರನೇ ದಿನ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡೇ ಹೋದೆ.

ಬಾಗಿಲುವಾಡದ ಜೊತೆ ಮಿಷನ್ನಿನ ಪೆಟ್ಟಿಗೆಯನ್ನೂ ಆಟೋದಲ್ಲಿ ಸಾಗಿಸಿದ್ದೆವು. "ಏನಕ್ಕೂ ಇರ್ಲಿ" ಎಂದಿದ್ದರು ನರ್ಸಮ್ಮ. ಅರಿಶಿನ ಹಚ್ಚಿ, ಮಾವಿನಸೊಪ್ಪು ಕಟ್ಟಿ, ನವಧಾನ್ಯದ ಗಂಟು ಸಿಕ್ಕಿಸಿದ ಮೇಲೆ ಆ ಬಾಗಿಲುವಾಡ ಎಷ್ಟು ಚೆನ್ನಾಗಿ ಕಾಣುತ್ತಿತ್ತೆಂದರೆ, ನೆಂಟರೆಲ್ಲ ಅಂಚಿನ ಕೆತ್ತನೆ ಮುಟ್ಟಿ ಮುಟ್ಟಿ ನೋಡಿ "ಬಲ್ ಚೆಂದಾಗ್ ಮಾಡಿದ್ದೀರಿ ಸಾಬ್ರೆ" ಎನ್ನುತ್ತಿದ್ದರು. ಒಬ್ಬೊಬ್ಬರು ಹಾಗೆಂದಾಗಲೂ ನನ್ನ ಇಸ್ತ್ರಿ ಅಂಗಿ ಇಷ್ಟಿಷ್ಟೇ ಬಿಗಿಯಾಗುತ್ತಿತ್ತು. ಮಾಡಿದವರು ಹಿತ್ತಲಲ್ಲಿ ಅಡುಗೆಯವರ ನಡುವೆ ಕೂತು ಹುರುಳಿಕಾಯಿ ಹೆಚ್ಚುತ್ತಿದ್ದರು.

ನಾಲ್ಕು ಜನ ಬಾಗಿಲುವಾಡವನ್ನು ಎತ್ತಿ ಎರಡು ಪಿಲ್ಲರುಗಳ ನಡುವೆ ಇಳಿಸಲು ಹೋದರು. ಮೇಲುಗಡೆ ಸಲೀಸಾಗಿ ಹೋಯಿತು. ಬುಡದಲ್ಲಿ ಕಚ್ಚಿಕೊಂಡು ನಿಂತಿತು. ಗಾರೆ ಮೇಸ್ತ್ರಿ ಬಗ್ಗಿ ನೋಡಿ, "ಕಾಂಕ್ರೀಟ್ ಆಕೋವಾಗ ಪಿಲ್ಲರು ಬುಡದಲ್ಲಿ ವಸಿ ಉಬ್ಬದೆ. ಒಸ್ಲು ಆಚೆಗೆ ಚಾಚಿರೋ ತುದೀನ ಅರ್ಧ ಇಂಚು ಕುಯ್ಬೇಕು" ಎಂದ. ಪಿಲ್ಲರು ಕೆತ್ತಲಾಗುವುದಿಲ್ಲ. ಪೂಜೆಯ ಅಯ್ನೋರು ಗಡಿಯಾರ ನೋಡಿಕೊಂಡು, "ಮುಹೂರ್ತಕ್ಕೆ ಇನ್ನು ಇಪ್ಪತ್ತು ನಿಮಿಷ ಅಷ್ಟೇ" ಎಂದರು.

ಎಲ್ಲರೂ ನನ್ನ ಕಡೆ ತಿರುಗಿದರು. ಯಾರೋ ಪೆಟ್ಟಿಗೆಯಿಂದ ಗರಗಸ ತೆಗೆದು ನನ್ನ ಕೈಗೇ ಕೊಟ್ಟರು.

ಅಷ್ಟು ದಪ್ಪದ ಮರವನ್ನು ಆ ಗರಗಸ ಒಂದೇ ಸಲಕ್ಕೆ ಕುಯ್ಯುವುದಿಲ್ಲ. ಮೇಲಿಂದ ಅರ್ಧ ಕುಯ್ದು, ಮಗುಚಿ, ಕೆಳಗಿಂದ ಇನ್ನರ್ಧ ಕುಯ್ಯಬೇಕು. ಎರಡು ಗೆರೆಯೂ ಒಂದಕ್ಕೊಂದು ಸೇರಬೇಕು. ನನಗೆ ಅದು ಬರುತ್ತಿತ್ತು. ಗೋಡೌನಿನಲ್ಲಿ ಅದೆಷ್ಟೋ ಸಲ ಮಾಡಿದ್ದೆ. ಮಿಷನ್ನು ಕೈಯಲ್ಲಿತ್ತು, ಅಂಗಿ ಇಸ್ತ್ರಿಯಾಗಿತ್ತು, ಊರೇ ನೋಡುತ್ತಿತ್ತು.

"ನನಗೆ ಬರಲ್ಲ" ಎಂದೆ.

ದೊಡ್ಡಯ್ಯ ಕೋಲೂರಿಕೊಂಡು ಮುಂದೆ ಬಂದರು. "ಬರಲ್ವಾ? ಮಾಡ್ದೋನು ನೀನಲ್ವೇನಪ್ಪ?"

"ನಾನು ಮಿಷನ್ ಮಾರೋನು ಯಜಮಾನ್ರೆ. ಬಾಗ್ಲು ಮಾಡ್ದೋರು ಇತ್ಲಲ್ಲಿ ಹುರುಳಿಕಾಯಿ ಹೆಚ್ತಾವ್ರೆ."

ಬಾಯಿ ಜಾಸ್ತಿ ಎಂದು ನನ್ನನ್ನು ಊರೆಲ್ಲ ಬೈಯುತ್ತದೆ. ಆ ಬಾಯಿ ಜೀವಮಾನದಲ್ಲಿ ಮಾಡಿದ ಒಂದು ಒಳ್ಳೇ ಕೆಲಸವೆಂದರೆ ಅದೇ. ನರ್ಸಮ್ಮನ ತಮ್ಮ ಮೊದಲು ದೊಡ್ಡಯ್ಯನ ಮುಖ ನೋಡಿದರು, ಆಮೇಲೆ ಅಯ್ನೋರ ಗಡಿಯಾರ ನೋಡಿದರು. ಯಾರಿಗೂ ಎದುರಾಡದ ಆ ಮನುಷ್ಯ ಎಲ್ಲರಿಗೂ ಕೇಳುವ ಹಾಗೆ ಕೂಗಿದರು: "ಅಕ್ಕಾ, ಬಾರಕ್ಕ ಇಲ್ಲಿ!"

ನರ್ಸಮ್ಮ ಮನೆಯ ಪಕ್ಕದ ಸಂದಿಯಿಂದ ಸುತ್ತಿಕೊಂಡು ಬಂದರು. ಸೆರಗಿಗೆ ಕೈ ಒರೆಸಿಕೊಂಡು ಹೊಸಲು ನೋಡಿದರು, ಪಿಲ್ಲರಿನ ಬುಡ ಸವರಿದರು. "ಮಂಡಿ ನೋವು ಅಂತ ನಿಂತ್ಕಂಡೇ ಅಳದ್ಬುಟ್ಟೆ. ನಂದೇ ತಪ್ಪು" ಎಂದರು. ಆಮೇಲೆ ನನ್ನ ಹತ್ತಿರ ಬಂದು, ನನಗೆ ಮಾತ್ರ ಕೇಳುವ ಹಾಗೆ "ನಿಮಗೆ ಬರಲ್ವಾ?" ಎಂದರು.

"ಬರಲ್ಲ."

ಕನ್ನಡಕದ ಮೇಲಿಂದ ಒಂದು ಗಳಿಗೆ ನನ್ನನ್ನೇ ನೋಡಿದರು. "ಗೆರೆ ಹಾಕೋ ಗಂಟ ಪ್ಲಗ್ ಹಾಕ್‌ಬ್ಯಾಡಿ" ಎಂದು ಗರಗಸ ಇಸಿದುಕೊಂಡರು.

ಸೆರಗು ಸೊಂಟಕ್ಕೆ ಸಿಕ್ಕಿಸಿ, ಮಂಡಿ ಹಿಡಿದುಕೊಂಡು ನಿಧಾನವಾಗಿ ನೆಲಕ್ಕೆ ಕೂತರು. ಪೆನ್ಸಿಲಿನಲ್ಲಿ ಮೂರು ಮಗ್ಗುಲಿಗೂ ಗೆರೆ ಹಾಕಿದರು. ಕತ್ತು ಆಡಿಸಿ ನನಗೆ ಸನ್ನೆ ಮಾಡಿದರು, ಪ್ಲಗ್ ಹಾಕಿದೆ. ಬ್ಲೇಡು ಮರಕ್ಕೆ ಇಳಿಯಿತು. ಹಳದಿ ಹೊಟ್ಟು ಎದ್ದು ಅವರ ಮೇಲೆ, ಅಯ್ನೋರ ಮೇಲೆ, ದೊಡ್ಡಯ್ಯನ ಬಿಳಿ ಪಂಚೆಯ ಮೇಲೆ ಎಲ್ಲ ಕೂತಿತು. ಯಾರೂ ಹಿಂದಕ್ಕೆ ಸರಿಯಲಿಲ್ಲ. ಮಗುಚಿ ಎರಡನೇ ಸಲ ಕುಯ್ದಾಗ ಆ ತುಂಡು ಕಳಚಿ ಬಿತ್ತು. ಎರಡು ಗೆರೆ ಸೇರಿದ ಜಾಗವನ್ನು ಮೇಸ್ತ್ರಿ ಬೆರಳಾಡಿಸಿ ಹುಡುಕಿದ, ಸಿಗಲಿಲ್ಲ. ನಾನು ಕುಯ್ದಿದ್ದರೆ ಅಲ್ಲೊಂದು ಮೆಟ್ಟಿಲು ನಿಲ್ಲುತ್ತಿತ್ತು, ಇದನ್ನು ಹೇಳಲು ನನಗೆ ಯಾವ ಸಂಕೋಚವೂ ಇಲ್ಲ.

ಮೊದಲು ಮಾತಾಡಿದವರು ದೊಡ್ಡಯ್ಯ. "ಟೈಮಾಯ್ತದೆ, ಎತ್ರುಲಾ" ಎಂದರು.

ಎತ್ತಿದರು. ಬಾಗಿಲುವಾಡ ಪಿಲ್ಲರುಗಳ ನಡುವೆ ಇಳಿದು ನೆಲ ಮುಟ್ಟಿತು. ನರ್ಸಮ್ಮ ತೂಗುಗುಂಡು ಬಿಟ್ಟು ನೋಡಿ ತಲೆಯಾಡಿಸಿದರು. ಮಂಗಳಾರತಿ ಆಯಿತು. ಅಯ್ನೋರು, "ಕೆಲಸ ಮಾಡಿದವರಿಗೆ ಫಲತಾಂಬೂಲ ಕೊಡಿ" ಎಂದರು. ನರ್ಸಮ್ಮನ ತಮ್ಮ ಪಂಚೆ ಶಲ್ಯ ಇಟ್ಟ ತಟ್ಟೆ ಹಿಡಿದು ಹೊರಟರು. ನನ್ನ ಮುಂದೆ ಬಂದರು, ನಿಲ್ಲದೆ ನನ್ನನ್ನು ದಾಟಿ ಹೋದರು. ನನಗೆ ಆದ ಸಂತೋಷ ಯಾವ ಶಲ್ಯ ಹೊದೆಸಿದ್ದರೂ ಆಗುತ್ತಿರಲಿಲ್ಲ. ಅಕ್ಕನ ಎದುರು ನಿಂತ ಮೇಲೆ ಆತನಿಗೆ ಗಾಬರಿಯಾಯಿತು. ತಟ್ಟೆಯ ಕಡೆ ನೋಡಿ, "ಅಕ್ಕ, ಸೀರೆ ತರ್ನಿಲ್ಲ ಕಣಕ್ಕ. ಪಂಚೆ ತಂದ್ಬುಟ್ಟಿವ್ನಿ" ಎಂದರು.

"ಕೆಲ್ಸ ಮಾಡ್ದೋರಿಗೆ ಕೊಡೋದು ಪಂಚೆನೇ ಕಣ್ಲಾ" ಎಂದರು ನರ್ಸಮ್ಮ. "ಕೊಡಿತ್ಲಾಗಿ."

ಎರಡೂ ಕೈಯಲ್ಲಿ ತಟ್ಟೆ ತೆಗೆದುಕೊಂಡರು. ಶಲ್ಯದ ಮಡಿಕೆ ಬಿಚ್ಚಿ ಹೆಗಲ ಮೇಲೆ ಹಾಕಿಕೊಂಡು, ಪಂಚೆಯನ್ನು ಕಂಕುಳಿಗೆ ಸಿಕ್ಕಿಸಿಕೊಂಡರು. ಹಿತ್ತಲಲ್ಲಿ ಹುರುಳಿಕಾಯಿ ಇನ್ನೂ ಅರ್ಧ ಉಳಿದಿತ್ತು. ಅವರು ಪಕ್ಕದ ಸಂದಿಯ ಕಡೆ ನೋಡಲಿಲ್ಲ. ಮಂಡಿ ಹಿಡಿದುಕೊಂಡು ಕಾಲೆತ್ತಿ ಹೊಸಲು ದಾಟಿ, ನಡುಮನೆಯ ಒಳಗಿಂದಲೇ ಹೊರಟರು. ಹಾಲಿನ ಚೆಂಬು ಹಿಡಿದು ಅಲ್ಲಿ ನಿಂತಿದ್ದ ಮುತ್ತೈದೆಯರು ಸರಿದು ದಾರಿ ಬಿಟ್ಟರು.